ಮೇಡಂ ಒಲ್ಲೆ ಅಂದಿರಲಿಲ್ಲ

ಕಳೆದ ತಿಂಗಳು ನನ್ನ ಟೇಬಲ್ಲಿನ ಮೇಲೆ ಒಂದು ದಪ್ಪ ಲಕೋಟೆ ಬಂದು ಬಿದ್ದಿತ್ತು. ಒಡೆದ ಕೂಡಲೇ ಹಸಿ ಮಸಿಯ ವಾಸನೆ ಮೂಗಿಗೆ ಬಡಿಯಿತು. ಗದಗಿನ ಯಾವುದೋ ಛಾಪಖಾನೆಯಿಂದ ಆಗಷ್ಟೇ ಹೊರಬಿದ್ದ ಪುಸ್ತಿಕೆ. ಈ ವಾಸನೆ ನನಗೆ ಚಿಕ್ಕಂದಿನಿಂದಲೂ ಪ್ರೀತಿಯದು. ಗದಗಿನ ಓಣಿಗಳಲ್ಲಿ ಬೆಳೆದವನಿಗೆ ಮುದ್ರಣದ ಮಸಿ, ಮೆಣಸಿನಕಾಯಿ ಘಾಟು, ಭಜಿ ಕರಿಯುವ ಎಣ್ಣೆ, ಈ ಮೂರೂ ಸೇರಿದರೇನೇ ಊರು ಅನ್ನಿಸುವುದು. ಹಾಗಾಗಿ ಪುಸ್ತಿಕೆಯನ್ನು ಓದುವ ಮೊದಲು ಒಂದು ಸಲ ಮೂಸಿದೆ. ಪ್ರಾಚಾರ್ಯರೊಬ್ಬರು ಹೀಗೆ ಕಾಗದ ಮೂಸುವುದನ್ನು ನಮ್ಮ ಜವಾನ ನೋಡಿದ. ನೋಡದವನಂತೆ ನೀರಿನ ಗ್ಲಾಸು ಇಟ್ಟು ಹೋದ.

ಪುಸ್ತಿಕೆಯ ಹೆಸರು 'ಉನ್ನತ ಶಿಕ್ಷಣದಲ್ಲಿ ನಾಯಕರಾಗಬಯಸುವವರಿಗೆ ಕಿವಿಮಾತು'. ಜೊತೆಗೊಂದು ಪತ್ರ. ಜಿಲ್ಲೆಯ ಕಾಲೇಜುಗಳಲ್ಲಿ ಮುಂದೆ ಪ್ರಾಚಾರ್ಯರಾಗುವ ಹಂಬಲವುಳ್ಳ ಅಧ್ಯಾಪಕರಿಗೆ ಗದಗಿನಲ್ಲಿ ಒಂದು ದಿನದ ಶಿಬಿರವಂತೆ. ಮುಂಡರಗಿಯ ಕಾಲೇಜನ್ನು ಏಳು ವರ್ಷದಿಂದ ನಡೆಸುತ್ತಿರುವ ಅನುಭವಿಯಾದ ನಾನು ಒಂದು ತಾಸು ಮಾತಾಡಬೇಕಂತೆ.

ಅನುಭವಿ ಅನ್ನುವ ಮಾತು ಓದಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನಾನು ಕೂರುವುದು ತಿರುಗುವ ಕುರ್ಚಿಯಲ್ಲಿ. ಅದರ ಬೆನ್ನಿಗೆ ಒಂದು ಬಿಳಿ ಟರ್ಕಿ ಟವೆಲ್ ಹೊದಿಸಿದ್ದಾರೆ. ಅದು ಯಾತಕ್ಕೆ ಅನ್ನುವುದು ಏಳು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಅದರಲ್ಲಿ ಯಾರೂ ಮುಖ ಒರೆಸುವುದಿಲ್ಲ, ಕೈ ಒರೆಸುವುದಿಲ್ಲ. ನೀವೂ ಇಂಥ ಕುರ್ಚಿಗಳನ್ನು ನೋಡಿರುತ್ತೀರಿ. ಅದರಲ್ಲಿ ಹಿಂದಕ್ಕೆ ಒರಗಿ ಪುಸ್ತಿಕೆ ಓದತೊಡಗಿದೆ.

ನಿಮ್ಮ ಕೆಲಸ ಮೇಲಿನವರ ಕಣ್ಣಿಗೆ ಬೀಳುವಂತಿರಲಿ ಎಂದಿತ್ತು. ಆಗಲಿ. ಹಿರಿಯರಲ್ಲಿ ಒಬ್ಬ ಮಾರ್ಗದರ್ಶಕರನ್ನು ಹುಡುಕಿಕೊಳ್ಳಿ ಎಂದಿತ್ತು. ಅದೂ ಆಗಲಿ. ಆಮೇಲೆ, 'ಅವಕಾಶ ಸಿಗಲಿಲ್ಲವೆಂದು ಕೊರಗುವವರು ಬಹುಪಾಲು ಅದನ್ನು ಕೇಳದೆ ಇದ್ದವರೇ ಆಗಿರುತ್ತಾರೆ' ಎಂಬ ಸಾಲು ಬಂತು. ಅಲ್ಲಿ ನನ್ನ ಬೆರಳು ನಿಂತಿತು. ಮತ್ತೊಮ್ಮೆ ಓದಿದೆ. ಓದಿದಷ್ಟೂ ಸಿಟ್ಟು ಏರಿತು. ಈ ಸಾಲನ್ನು ಬರೆದವರಿಗೆ ಅನಸೂಯಾ ಮೇಡಂ ಗೊತ್ತಿಲ್ಲ. ನನಗೆ ಗೊತ್ತು. ನನ್ನ ಸಿಟ್ಟಿನಲ್ಲಿ ಅರ್ಧ ಆ ಸಾಲಿನ ಮೇಲಿನದಲ್ಲ ಅನ್ನುವುದೂ ನನಗೆ ಗೊತ್ತು.

ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನು ಲಕ್ಷ್ಮೇಶ್ವರದ ಒಂದು ಅನುದಾನಿತ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಈಗಿನ ಮುಂಡರಗಿಯ ಕಾಲೇಜೂ ಅದೇ ಸಂಸ್ಥೆಯದು. ಅನಸೂಯಾ ಮೇಡಂ ಅಲ್ಲಿ ಅರ್ಥಶಾಸ್ತ್ರದವರು, ಎಲ್ಲರಿಗಿಂತ ಹಿರಿಯರು. ಬೆಟಗೇರಿಯವರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ. ತಾಯಿ ನೇಕಾರರ ಮನೆಗಳಿಗೆ ಕಂಡಿಕೆ ಸುತ್ತಿಕೊಟ್ಟು, ನೂಲಿನಲ್ಲಿ ಕಣ್ಣು ಸವೆಸಿ ಮಗಳನ್ನು ಎಂ.ಎ. ಓದಿಸಿದವರು. ನಾವಿಬ್ಬರೂ ಗದಗಿನಿಂದ ಶಿರಹಟ್ಟಿ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆವು. ನಾನು ಊರು ದಾಟುವ ಮೊದಲೇ ನಿದ್ದೆ ಹೋಗುವವನು. ಮೇಡಂ ತೊಡೆಯ ಮೇಲೆ ಉತ್ತರ ಪತ್ರಿಕೆ ಇಟ್ಟುಕೊಂಡು ತಿದ್ದುವವರು. ಆ ರಸ್ತೆಯಲ್ಲಿ, ಆ ಬಸ್ಸಿನಲ್ಲಿ, ಒಂದು ಅಂಕೆ ಅಲುಗದ ಹಾಗೆ ಅಂಕ ಹಾಕುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವರ ಕೆಲಸ ಎಂಥದ್ದೆಂದು ಒಂದು ಉದಾಹರಣೆ ಹೇಳುತ್ತೇನೆ. ಬಾಳೆಹೊಸೂರ ಕಡೆಯಿಂದ ಬರುವ ಹುಡುಗಿಯರ ಬಸ್ಸು ದಿನವೂ ತಡ. ಮೊದಲ ತರಗತಿ ಮುಗಿಯುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾವೆಲ್ಲ ಗೈರುಹಾಜರಿ ಹಾಕಿ ಕೈ ತೊಳೆದುಕೊಂಡಿದ್ದೆವು. ಮೇಡಂ ಡಿಪೋಕ್ಕೆ ಹೋದರು. ಒಂದು ಸಲ ಅಲ್ಲ, ಮೂರು ವಾರ ಹೋದರು. ಬಸ್ಸಿನ ವೇಳೆ ಬದಲಾಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಕೂತು ಇಡೀ ಕಾಲೇಜಿನ ವೇಳಾಪಟ್ಟಿಯನ್ನೇ ಹೊಸದಾಗಿ ಬರೆದರು. ಇಪ್ಪತ್ತೆರಡು ಜನ ಅಧ್ಯಾಪಕರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿದರು. ನನ್ನನ್ನು ಒಪ್ಪಿಸಲಿಕ್ಕೆ ಎರಡು ದಿನ ಹಿಡಿಯಿತು, ಯಾಕೆಂದರೆ ನನ್ನ ಚಹಾದ ವೇಳೆ ಅದರಲ್ಲಿ ಕರಗಿಹೋಗುತ್ತಿತ್ತು. ಆ ವರ್ಷ ಕಾಲೇಜು ಬಿಟ್ಟುಹೋಗುವ ಹುಡುಗಿಯರು ಕಡಿಮೆಯಾದರು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಆಗಿನ ಪ್ರಾಚಾರ್ಯರು 'ನಾನು ಕೈಗೊಂಡ ಕ್ರಮ' ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಮೇಡಂ ಆ ಹೊತ್ತಿಗೆ ಹಿಂದೆ ನಿಂತು ಬಹುಮಾನದ ತಾಟುಗಳನ್ನು ಕ್ರಮವಾಗಿ ಜೋಡಿಸಿಕೊಡುತ್ತಿದ್ದರು. ಕಣ್ಣಿಗೆ ಬೀಳುವಂತೆ ಕೆಲಸ ಮಾಡಿ ಅನ್ನುತ್ತದೆ ಪುಸ್ತಿಕೆ. ನೋಡಬೇಕಾದವರು ಬೇರೆ ಕಡೆ ಮುಖ ಮಾಡಿ ಕೂತರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿಲ್ಲ.

ಆ ಪ್ರಾಚಾರ್ಯರು ನಿವೃತ್ತರಾಗುವ ವರ್ಷ ಬಂತು. ಹೊಸ ನೇಮಕಾತಿ ಆಗುವವರೆಗೆ ಸೇವೆಯಲ್ಲಿ ಹಿರಿಯರಾದವರಿಗೆ ಅಧಿಕಾರ ವಹಿಸಬೇಕು. ಅವರು ಒಲ್ಲೆನೆಂದು ಬರೆದುಕೊಟ್ಟರೆ ಮಾತ್ರ ಮುಂದಿನವರ ಸರದಿ. ನಿಯಮ ಇಷ್ಟು ಸರಳ. ಮೇಡಂ ಮೊದಲೇ ಒಂದು ಅರ್ಜಿ ಬರೆದು ಕೊಟ್ಟಿದ್ದರು: ಅಧಿಕಾರ ವಹಿಸಿಕೊಳ್ಳಲು ನಾನು ಸಿದ್ಧಳಿದ್ದೇನೆ ಎಂದು. ಕೇಳದೆ ಇದ್ದವರು ಅಂತೀರಲ್ಲ, ಅವರು ಲಿಖಿತವಾಗಿ ಕೇಳಿದ್ದರು, ಸ್ವೀಕೃತಿಯ ಶಿಕ್ಕಾ ಹಾಕಿಸಿಕೊಂಡಿದ್ದರು.

ಅದಾದ ವಾರಕ್ಕೆ ಸಂಸ್ಥೆಯ ಚೇರ್ಮನ್ನರು ನನ್ನನ್ನು ಮನೆಗೆ ಕರೆಸಿದರು. ಅವಲಕ್ಕಿ ಬಂತು, ಚಹಾ ಬಂತು. ಅವರು ಯಾವತ್ತೂ ದನಿ ಏರಿಸುವವರಲ್ಲ.

"ಸರ, ಮೇಡಮ್ಮಾರು ಭಾಳ ಚಲೋ ಮಂದಿ. ಅದಕ್ಕ ಅವರಿಗೆ ತ್ರಾಸ ಕೊಡಬಾರದಂತ ನಮ್ಮ ವಿಚಾರ. ಪ್ರಿನ್ಸಿಪಾಲ್ಕಿ ಅಂದ್ರ ಓಡಾಟ, ಜಗಳ, ಮಂದಿ ಕೂಡ ಏಗೂದು. ಹೆಣ್ಣಮಗಳು, ಮನ್ಯಾಗ ವಯಸ್ಸಾದ ತಾಯಿ. ಅವರ ಒಲ್ಲೆ ಅಂತ ಬರದು ಕೊಟ್ರ ಎಲ್ಲಾರಿಗೂ ಸಮಾಧಾನ ಆಕ್ಕೈತಿ."

"ಅವರು ಅರ್ಜಿ ಕೊಟ್ಟಾರಲ್ರಿ," ಅಂದೆ. ಇಷ್ಟನ್ನಾದರೂ ಅಂದೆ ಅನ್ನುವುದು ನನ್ನ ಲೆಕ್ಕದಲ್ಲಿರುವ ಒಂದೇ ಒಳ್ಳೆಯ ಮಾತು.

"ಅದನ್ನ ವಾಪಸ್ ತಗೊಳ್ಳಾಕ ಬರತೈತಿ. ನೀವು ಕನ್ನಡದವರು, ಚಂದಾಗಿ ಬರೀತೀರಿ. ಒಂದು ಕಾಗದ ತಯಾರ ಮಾಡಿ ತೋರಸ್ರಿ. ನಿಮ್ಮ ಮಾತು ಅವರು ಕೇಳ್ತಾರ. ಮುಂಡರಗಿ ಕಾಲೇಜಿಗೂ ಮುಂದ ಒಬ್ರು ಬೇಕಲ್ಲ, ನಿಮ್ಮ ಹೆಸರು ನಮ್ಮ ನೆನಪಿನ್ಯಾಗ ಐತಿ."

ಅಧಿಕಾರ ಹೋಗಬೇಕಾಗಿದ್ದದ್ದು ಇತಿಹಾಸದ ಮಾಸ್ತರರಿಗೆ, ಚೇರ್ಮನ್ನರ ಅಳಿಯನ ಅಣ್ಣನಿಗೆ. ಮೇಡಂ ನಂತರದ ಸರದಿ ಅವರದು, ಸೇವೆಯಲ್ಲಿ ಮೇಡಂಗಿಂತ ಆರು ವರ್ಷ ಕಿರಿಯರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಾಗದ ಬರೆದೆ. ಚಂದವಾಗಿಯೇ ಬರೆದೆ. 'ಕೌಟುಂಬಿಕ ಹೊಣೆಗಾರಿಕೆಗಳ ಕಾರಣದಿಂದ ಈ ಗುರುತರ ಜವಾಬ್ದಾರಿಯನ್ನು ನಿರ್ವಹಿಸಲು ಅಶಕ್ತಳಾಗಿದ್ದು' ಎಂಬ ವಾಕ್ಯ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕನ್ನಡ ಎಂ.ಎ. ನನಗೆ ಯಾತಕ್ಕೆ ಉಪಯೋಗಕ್ಕೆ ಬಂತೆಂದು ಯಾರಾದರೂ ಕೇಳಿದರೆ ಈ ವಾಕ್ಯ ತೋರಿಸಬಹುದು.

ಒಂದು ಭಾನುವಾರ ಬೆಳಿಗ್ಗೆ ಬೆಟಗೇರಿಗೆ ಹೋದೆ. ಓಣಿಯ ತುಂಬ ಮಗ್ಗದ ಸದ್ದು. ಮೇಡಂ ಚಾಪೆ ಹಾಸಿ ಕೂರಿಸಿದರು. ಅವರ ತಾಯಿ ಕಿಟಕಿಯ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿ ಕಂಡಿಕೆ ಸುತ್ತುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ಕಾಗದ ಕೊಟ್ಟೆ. ಮೇಡಂ ಓದಿದರು, ಮೊದಲಿನಿಂದ ಕೊನೆಯವರೆಗೆ, ಉತ್ತರ ಪತ್ರಿಕೆ ಓದುವಂತೆಯೇ.

"ಯಾವ ಕೌಟುಂಬಿಕ ಹೊಣೆಗಾರಿಕೆ, ಸರ?" ಅಂದರು. "ಈ ಕುಟುಂಬದಾಗ ಇರೂದು ನಾನು, ನಮ್ಮವ್ವ. ನಾ ಪ್ರಿನ್ಸಿಪಾಲ್ ಆಗೂದನ್ನ ನೋಡೇ ಸಾಯಬೇಕಂತ ಕುಂತಾಳ ಆಕಿ."

ಮುದುಕಿ ನನ್ನ ಕಡೆ ಮುಖ ತಿರುಗಿಸಿದರು. "ಏನಂತ ಬರದೈತಪಾ ಅದ್ರಾಗ? ನೀ ಬರದ್ಯೇನು?"

"ಇಲ್ಲಬೇ. ಆಫೀಸಿನ್ಯಾಗ ಬರದು ಕೊಟ್ಟಾರ," ಅಂದೆ.

ಮೇಡಂ ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಸಿಟ್ಟು ಮಾಡಲಿಲ್ಲ. "ಚೇರ್ಮನ್ನರಿಗೆ ಹೇಳ್ರಿ, ನಾ ಒಲ್ಲೆ ಅಂದಿಲ್ಲ. ಅವರು ಒಲ್ಲೆ ಅನ್ನೂದಿದ್ರ ಅವರ ಬರದು ಕೊಡ್ಲಿ. ನನ್ನ ಬಾಯಿಲೆ ಯಾಕ ಅನಸ್ತಾರ?"

ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಮರುವಾರ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ಟಿಪ್ಪಣಿ ತಯಾರಾಯಿತು: ಅನಸೂಯಾ ಮೇಡಂ ಅವರು ಮೌಖಿಕವಾಗಿ ನಿರಾಕರಿಸಿರುತ್ತಾರೆ. ಕೆಳಗೆ ಸಾಕ್ಷಿ ಎಂದು ಒಂದು ಗೆರೆ. ಅವರ ಮನೆಗೆ ಹೋಗಿ ಬಂದವನು ನಾನು, ಆದ್ದರಿಂದ ಸಹಿ ನನ್ನದು. ಹೆಡ್‌ಕ್ಲಾರ್ಕ್ ಪೆನ್ನಿನ ಟೋಪಿ ತೆಗೆದು ಕೈಯಲ್ಲಿಟ್ಟರು. ಚೇರ್ಮನ್ನರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಸಹಿ ಮಾಡಿದೆ. ಕೈ ನಡುಗಿತು ಅಂತ ಬರೆದರೆ ನಿಮಗೆ ನನ್ನ ಮೇಲೆ ಸ್ವಲ್ಪ ಕರುಣೆ ಬರಬಹುದು. ಆದರೆ ನಡುಗಲಿಲ್ಲ.

ಇತಿಹಾಸದ ಮಾಸ್ತರರು ಪ್ರಾಚಾರ್ಯರ ಕುರ್ಚಿಯಲ್ಲಿ ಕೂತರು. ಮೇಡಂ ಇಲಾಖೆಗೆ ದೂರು ಬರೆದರು. ಮೂರು ತಿಂಗಳಿಗೆ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಸಭ್ಯ ಮನುಷ್ಯ. ಎಲ್ಲರೆದುರು ನನ್ನನ್ನು ಕೇಳಿದರು: "ಇವರು ಒಲ್ಲೆ ಅಂತ ನಿಮ್ಮ ಮುಂದೆ ಹೇಳಿದರಾ?"

"ಅಂಥಾದ್ದೇನೋ ಅಂದಂಗ ನೆನಪು, ಸರ," ಅಂದೆ.

ಮೇಡಂ ನನ್ನ ಕಡೆ ನೋಡಲಿಲ್ಲ. ಅಧಿಕಾರಿಗೆ ಹೇಳಿದರು: "ಅವರಿಗೆ ಇನ್ನೊಮ್ಮೆ ಕೇಳ್ರಿ."

ಅವರು ಇನ್ನೊಮ್ಮೆ ಕೇಳಿದರು. ನಾನು ಅದನ್ನೇ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಸುಲಭವಾಗಿತ್ತು. ಮೇಡಂ ದೂರು ಅಲ್ಲಿಗೇ ಬಿದ್ದುಹೋಯಿತು. ಆವತ್ತಿನಿಂದ ನಾನು ಬೆಳಗಿನ ಆ ಬಸ್ಸು ಬಿಟ್ಟು ಮುಳಗುಂದದ ಮೇಲಿನ ಬಸ್ಸಿಗೆ ಹೋಗತೊಡಗಿದೆ. ಯಾಕೆಂದು ಕೇಳಿದವರಿಗೆ, ಅದರಲ್ಲಿ ಸೀಟು ಸಿಗುತ್ತದೆ ಅಂತ ಹೇಳಿದೆ.

ಮೇಡಂಗೆ ಇನ್ನೂ ಆರು ವರ್ಷದ ಸೇವೆ ಇತ್ತು. ಆ ಆರೂ ವರ್ಷ ಕಾಲೇಜನ್ನು ನಡೆಸಿದವರು ಅವರೇ. ಇಲಾಖೆಗೆ ಉತ್ತರ ಬರೆಯಬೇಕೆಂದರೆ ಫೈಲು ಅವರ ಕೋಣೆಗೆ ಹೋಗುತ್ತಿತ್ತು. ಕಾಲೇಜಿನ ಗುಣಮಟ್ಟ ನೋಡಲು ಹೊರಗಿನ ತಂಡ ಬಂದ ವರ್ಷ ಮುನ್ನೂರು ಪುಟದ ವರದಿಯನ್ನು ಅವರು ಒಬ್ಬರೇ ಸಿದ್ಧಮಾಡಿದರು. ತಂಡದವರಿಗೆ ನಮ್ಮ ಪ್ರಾಚಾರ್ಯರು ಪರಿಚಯಿಸಿದ್ದು ಹೀಗೆ: "ಇವರು ನಮ್ಮ ಹಿರಿಯ ಮೇಡಂ. ಇವತ್ತಿನ ಊಟ-ಉಪಚಾರದ ವ್ಯವಸ್ಥೆ ಎಲ್ಲ ಇವರದೇ." ನಾನು ಅಲ್ಲೇ ನಿಂತಿದ್ದೆ. ಮೇಡಂ ಅಂದರು, "ಊಟದ್ದು ಕ್ಯಾಂಟೀನಿನವರು ನೋಡ್ಯಾರ. ವರದಿ ನಾ ಬರದೀನಿ. ಯಾವ ಪುಟದ ಮ್ಯಾಲ ಬೇಕಾದ್ರೂ ಕೇಳ್ರಿ." ತಂಡದವರು ಕೇಳಿದರು. ಎರಡು ತಾಸು ಕೇಳಿದರು. ನಮ್ಮ ಪ್ರಾಚಾರ್ಯರು ಅಷ್ಟು ಹೊತ್ತೂ ತಲೆ ಅಲ್ಲಾಡಿಸುತ್ತ ಕೂತಿದ್ದರು. ಒಳ್ಳೆಯ ದರ್ಜೆ ಬಂತು. ಹಾರ ಬಿದ್ದದ್ದು ಪ್ರಾಚಾರ್ಯರ ಕೊರಳಿಗೆ.

ಅದರ ಮುಂದಿನ ವರ್ಷ ಮುದುಕಿ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ದೂರ ನಿಂತು ಬಂದೆ.

ಮೇಡಂ ನಿವೃತ್ತರಾದ ದಿನ ಬೀಳ್ಕೊಡುಗೆ ಇಟ್ಟಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಾಚಾರ್ಯರು ಮಾತಾಡುತ್ತ, ಅಧಿಕಾರ ಕಾಲ ಬಳಿ ಬಂದರೂ ಬೇಡವೆಂದ ತ್ಯಾಗಮಯಿ ನಮ್ಮ ಮೇಡಂ ಅಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಎಲ್ಲರೂ ತಟ್ಟುವಾಗ ಕೈ ತಾನಾಗಿಯೇ ಏಳುತ್ತದೆ. ಮೇಡಂ ಎದ್ದು ಮೈಕಿನ ಮುಂದೆ ನಿಂತು ಶಾಲನ್ನು ತೆಗೆದು ಮೇಜಿನ ಮೇಲಿಟ್ಟರು.

"ನನಗ ಆಸೆ ಇತ್ತು," ಅಂದರು. "ಪ್ರಿನ್ಸಿಪಾಲ್ ಆಗಬೇಕಂತ ಭಾಳ ಆಸೆ ಇತ್ತು. ಆ ಕೆಲಸ ಮಾಡಾಕ ಬರತೈತಿ ಅನ್ನೂ ಧೈರ್ಯನೂ ಇತ್ತು. ಅರ್ಜಿನೂ ಕೊಟ್ಟಿದ್ದೆ. ನೀವು ಕೊಡಲಿಲ್ಲ. ಅದನ್ನ ತ್ಯಾಗ ಅನಬ್ಯಾಡ್ರಿ. ಕಸಗೊಂಡಿದ್ದಕ್ಕ ಆ ಹೆಸರು ಅಲ್ಲ."

ಅಷ್ಟೇ. ಹುಡುಗರಿಗೆ ಚೆನ್ನಾಗಿ ಓದಿ ಅಂತ ಹೇಳಿ ಕೂತುಬಿಟ್ಟರು. ಆ ಸಭೆಯಲ್ಲಿ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಎರಡು ವರ್ಷದ ನಂತರ ನನಗೆ ಮುಂಡರಗಿಯ ಕುರ್ಚಿ ಬಂತು. ಚೇರ್ಮನ್ನರ ನೆನಪಿನ ಶಕ್ತಿ ಒಳ್ಳೆಯದು.

ಇನ್ನು ಶಿಬಿರದ ವಿಷಯಕ್ಕೆ ಬರುತ್ತೇನೆ. ಹೋದೆ. ಅರವತ್ತು-ಎಪ್ಪತ್ತು ಜನ ಅಧ್ಯಾಪಕರು, ಎಲ್ಲರ ಕೈಯಲ್ಲೂ ಆ ಪುಸ್ತಿಕೆ. ಹಲವರು ಸಾಲುಗಳಿಗೆ ಅಡಿಗೆರೆ ಎಳೆದಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಯಾರಿ ಮಾಡಿಕೊಂಡು ಹೋದ ಭಾಷಣ ಬಿಟ್ಟು ಅನಸೂಯಾ ಮೇಡಂ ಕತೆ ಹೇಳಿದೆ, ಹೆಸರು ಬಿಟ್ಟು. ಸಂಸ್ಥೆಗಳನ್ನು ಬೈದೆ. ಬರೆಸಿಕೊಳ್ಳುವ ಒಲ್ಲೆ ಕಾಗದಗಳನ್ನು ಬೈದೆ. 'ಒಬ್ಬ ಸಹೋದ್ಯೋಗಿ ಸುಳ್ಳು ಸಹಿ ಮಾಡಿದ' ಎಂದೂ ಹೇಳಿದೆ. ಒಳ್ಳೆಯ ಆವೇಶದಲ್ಲಿದ್ದೆ. ಮುಗಿಸಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು.

ಪ್ರಶ್ನೆ ಕೇಳಿ ಅಂದರು ಸಂಘಟಕರು. ಶಿರಹಟ್ಟಿ ಕಡೆಯ ಒಬ್ಬ ಅಧ್ಯಾಪಕಿ ಎದ್ದು ನಿಂತರು. ಮೂವತ್ತೈದು ವಯಸ್ಸಿರಬಹುದು.

"ಸರ, ಆ ಸಹಿ ಮಾಡಿದಾವ್ರು ಯಾರ್ರಿ?"

ಪುಸ್ತಿಕೆಯಲ್ಲಿ ಕಷ್ಟದ ಪ್ರಶ್ನೆಗಳನ್ನು ನಗುತ್ತ ಬದಿಗೆ ಸರಿಸುವುದು ಹೇಗೆಂದು ಒಂದು ಪುಟವೇ ಇದೆ. ನನಗೆ ನಗು ಬರಲಿಲ್ಲ.

"ನಾನ," ಅಂದೆ.

ಅವರು ಕೂರಲಿಲ್ಲ. "ಹಂಗಾರ ಆ ಕಾಗದ ಇನ್ನೂ ಅವರ ಫೈಲಿನ್ಯಾಗ ಐತೇನ್ರಿ?"

ಇತ್ತು. ಇರಲೇಬೇಕಲ್ಲ. ಮೇಡಂ ಒಲ್ಲೆ ಅಂದರು ಅನ್ನುವುದು ಇವತ್ತಿಗೂ ದಾಖಲೆಯ ಸತ್ಯ. ನಾನು ಹದಿನೈದು ವರ್ಷ ಮನಸ್ಸಿನಲ್ಲಿ ಕೊರಗಿದ್ದು, ಈಗ ಎಪ್ಪತ್ತು ಜನರೆದುರು ಕೂಗಾಡಿದ್ದು, ಯಾವುದೂ ಆ ಫೈಲಿನ ಒಂದಕ್ಷರವನ್ನೂ ಅಳಿಸಿರಲಿಲ್ಲ.

ಸೋಮವಾರ ರಜೆ ಹಾಕಿ ಮನೆಯಲ್ಲಿ ಕೂತು ಒಂದು ಹೇಳಿಕೆ ಬರೆದೆ. ಅದನ್ನು ತೆಗೆದುಕೊಂಡು ಬೆಟಗೇರಿಗೆ ಹೋದೆ. ಮೇಡಂ ಈಗ ಓಣಿಯ ಹೆಣ್ಣುಮಕ್ಕಳಿಗೆ ಸಂಜೆ ಪಾಠ ಹೇಳುತ್ತಾರೆ. ಕನ್ನಡಕ ದಪ್ಪವಾಗಿದೆ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಕಾಗದ ತೆಗೆದುಕೊಂಡು ಓದಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"'ಆಡಳಿತ ಮಂಡಳಿಯ ಒತ್ತಡಕ್ಕೆ ಸಿಲುಕಿ' ಅಂತ ಬರದೀರಿ," ಅಂದರು. "ಏನು ಒತ್ತಡ ಹಾಕಿದ್ರು ನಿಮಗ?"

ನಾನು ಯೋಚಿಸಿದೆ. ನೌಕರಿ ತೆಗೆಯುತ್ತೇವೆ ಅಂದಿರಲಿಲ್ಲ. ವರ್ಗ ಮಾಡುತ್ತೇವೆ ಅಂದಿರಲಿಲ್ಲ. ಗದರಿಸಿಯೂ ಇರಲಿಲ್ಲ.

"ಅವಲಕ್ಕಿ ಕೊಟ್ರು," ಅಂದೆ.

"ಹಂಗಾರ ಅದನ್ನ ಹೊಡದ ಹಾಕ್ರಿ."

ಹೊಡೆದು ಹಾಕಿದೆ. ಉಳಿದದ್ದು ಹೀಗೆ: ಅವರು ನಿರಾಕರಿಸಿಲ್ಲವೆಂದು ತಿಳಿದಿದ್ದೂ ನಾನು ಸುಳ್ಳು ಸಾಕ್ಷಿ ಸಹಿ ಮಾಡಿದೆ. ನಾನು ಬರೆದ ವಾಕ್ಯಗಳಲ್ಲಿ ಇಷ್ಟು ಅಂದಗೆಟ್ಟದ್ದು ಇನ್ನೊಂದಿಲ್ಲ. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನನ್ನ ಮುಂದ ಬ್ಯಾಡ. ನಮ್ಮವ್ವನ ಮುಂದ ಅನ್ನಬೇಕಿತ್ತು. ಈಗ ಆಕಿ ಇಲ್ಲ. ಅದನ್ನ ಆಫೀಸಿಗೆ ಕೊಡ್ರಿ, ಶಿಕ್ಕಾ ಹಾಕಸ್ರಿ, ಇಲಾಖೆಗೊಂದು ನನಗೊಂದು ಪ್ರತಿ ರಿಜಿಸ್ಟರ್ ಮಾಡ್ರಿ."

ಮರುದಿನ ಲಕ್ಷ್ಮೇಶ್ವರಕ್ಕೆ ಹೋದೆ. ಹೆಡ್‌ಕ್ಲಾರ್ಕ್ ಬದಲಾಗಿದ್ದರು. ಇಂಥದ್ದನ್ನು ಆವಕ ರಿಜಿಸ್ಟರಿಗೆ ತಗೊಳ್ಳಲು ಬರುವುದಿಲ್ಲ, ಮೇಲಿನವರನ್ನು ಕೇಳಬೇಕು ಅಂದರು. ಕೇಳಿ ಅಂದೆ. ಅವರ ಎದುರಿನ ಸ್ಟೂಲಿನ ಮೇಲೆ ಮಧ್ಯಾಹ್ನದವರೆಗೆ ಕೂತೆ. ಊಟಕ್ಕೆ ಏಳಬೇಕಾದಾಗ ಅವರು ಬೇಸತ್ತು ಶಿಕ್ಕಾ ಹೊಡೆದುಕೊಟ್ಟರು.

ನಾನು ಮುಂಡರಗಿ ಮುಟ್ಟುವ ಮೊದಲೇ ಚೇರ್ಮನ್ನರ ಫೋನು ಬಂತು. ವಯಸ್ಸಾಗಿದೆ, ಆದರೆ ದನಿ ಈಗಲೂ ಮೆತ್ತಗೆ.

"ಹಳೇದನ್ನ ಯಾಕ ಕೆದರತೀರಿ ಸರ? ನಿಮಗಿನ್ನೂ ಎರಡು ವರ್ಷ ಸರ್ವಿಸ್ ಐತಿ."

"ಐತಿ ಅಂತನ ಈಗ ಕೊಟ್ಟೀನ್ರಿ. ರಿಟೈರ್ ಆದಮ್ಯಾಲ ಕೊಟ್ಟಿದ್ರ ಮುದುಕಗ ಅರಳುಮರಳು ಅಂತಿದ್ರಿ."

ಅವರು ಫೋನು ಇಟ್ಟರು. ಮುಂದೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನನ್ನ ಮೇಲೆ ಕ್ರಮ ಆಗಬಹುದು. ಆದರೆ ಅದು ನ್ಯಾಯವೇ.

ಮುಂಡರಗಿಯ ಅಂಚೆ ಕಚೇರಿ ಮುಚ್ಚುವ ಹೊತ್ತಿಗೆ ಓಡಿಹೋಗಿ ಸೇರಿದೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು, ಕಾಗದಗಳನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ವಿಳಾಸ ಬರೆಯತೊಡಗಿದೆ. ಇಲಾಖೆಯದು ಮುಗಿಯಿತು. ಎರಡನೆಯ ಲಕೋಟೆಯ ಮೇಲೆ ಮೇಡಂ ಹೆಸರಿನ ಹಿಂದೆ 'ಪ್ರಾಚಾರ್ಯರು' ಎಂದು ಬರೆದುಬಿಡೋಣ ಅಂತ ಒಂದು ಕ್ಷಣ ಕೈ ತವಕಿಸಿತು. ಎಷ್ಟು ಚಂದ ಕಾಣುತ್ತಿತ್ತು. ಆದರೆ ಅವರು ಪ್ರಾಚಾರ್ಯರಾಗಿರಲಿಲ್ಲ. ನಾವು ಆಗಗೊಡಲಿಲ್ಲ. ಹೆಸರನ್ನಷ್ಟೇ ಬರೆದೆ.